ನಡುಗುವ ಕೈಗೆ ಯಂತ್ರದ ಆಸರೆ

ನಮ್ಮ ಕಡೆಯ ಹಳೆಯ ಗಾಂವಠಿ ಶಾಲೆಗಳಲ್ಲಿ ಅಕ್ಷರಾಭ್ಯಾಸವು ಹೇಗೆ ನಡೆಯುತ್ತಿದ್ದಿತೆಂಬದನ್ನು ಹಿರಿಯ ವಾಚಕರು ತಮ್ಮ ಹಿರಿಯರ ಬಾಯಿಂದ ಕೇಳಿಯೇ ಇರುವರು. ಹಲಗೆಯ ಮೇಲೆ ಉಸುಕು ಹರವಿ, ಮಗುವಿನ ತೋರುಬೆರಳನ್ನು ಪಂತರು ತಮ್ಮ ಕೈಯಲ್ಲಿ ಹಿಡಿದು ಓನಾಮವನ್ನು ತಿದ್ದಿಸುವರು. ಮೊದಲನೆಯ ದಿನ ಬರೆದವರು ಪಂತರೋ ಮಗುವೋ ಹೇಳುವದು ಕಷ್ಟವು. ದಿನ ಕಳೆದಂತೆ ಪಂತರ ಹಿಡಿತವು ಸಡಿಲುಗೊಳ್ಳುತ್ತ ಹೋಗಿ, ಒಂದು ದಿನ ಮಗುವಿಗೆ ತಿಳಿಯದಂತೆಯೇ ಅವರು ಕೈಯನ್ನು ತೆಗೆದುಕೊಳ್ಳುವರು; ಬೆರಳು ತಾನಾಗಿಯೇ ನಡೆಯುವದು. ಈ ಕೈಹಿಡಿದು ತಿದ್ದಿಸುವ ವಿದ್ಯೆಯನ್ನು ಯಂತ್ರವು ಕಲಿತ ಬಗೆಯೇ ಈ ಲೇಖನದ ವಿಷಯವು.

ಗಣಕಯಂತ್ರವನ್ನು ಬಳಸುವವರೆಲ್ಲರಿಗೂ ಅದರ ‘ಮೌಸ್’ ಎಂಬ ಉಪಕರಣವು ಪರಿಚಿತವಾಗಿದೆ. ಅದನ್ನು ಮೇಜಿನ ಮೇಲೆ ಸರಿಸಿದಂತೆ ಪರದೆಯ ಮೇಲೆ ಒಂದು ಬಾಣವು ಸರಿಯುವದು. ಬೇಕಾದ ಗುರುತಿನ ಮೇಲೆ ಬಾಣವನ್ನು ನಿಲ್ಲಿಸಿ ಗುಂಡಿಯನ್ನೊತ್ತಿದರೆ ಕೆಲಸವಾಗುವದು. ನಮಗೆ ಇದು ಲೆಕ್ಕಕ್ಕಿಲ್ಲದ ಶ್ರಮವು. ಆದರೆ ಕಂಪವಾತದಿಂದ ಕೈ ನಡುಗುವವನಿಗೆ, ಹುಟ್ಟಿನಿಂದಲೇ ಸ್ನಾಯುಗಳ ಮೇಲೆ ಹತೋಟಿಯಿಲ್ಲದವನಿಗೆ, ಪಾರ್ಶ್ವವಾಯುವಿನಿಂದ ಒಂದು ಪಕ್ಕ ಬಿದ್ದುಹೋದವನಿಗೆ, ಕಡಲೆಕಾಳಿನಷ್ಟು ಗುರುತಿನ ಮೇಲೆ ಬಾಣವನ್ನು ಒಂದು ಕ್ಷಣ ನಿಲ್ಲಿಸುವದೂ ದುಸ್ಸಾಧ್ಯವಾಗಿರುವದು. ಇಂಥವರ ಕೈಗೆ ಸ್ಪರ್ಶದ ಮೂಲಕವೇ ಆಸರೆ ಕೊಡುವ ವಿದ್ಯೆಗೆ ಪಾಶ್ಚಾತ್ಯರು ‘ಹ್ಯಾಪ್ಟಿಕ್’ ಎಂಬ ಹೆಸರಿಟ್ಟಿರುವರು. ಈ ಶಬ್ದವು ಮುಟ್ಟುವದೆಂಬ ಅರ್ಥದ ಗ್ರೀಕ್ ಧಾತುವಿನಿಂದ ಹುಟ್ಟಿದುದು. ನಾವು ಇದನ್ನು ‘ಸ್ಪರ್ಶಸಹಾಯ’ವೆನ್ನೋಣ.

ಈ ವಿಷಯದ ಕಡೆಗೆ ನನ್ನ ಮನಸ್ಸು ತಿರುಗಲು ಒಂದು ಕಾರಣವುಂಟು. ಸುಮಾರು ೧೯೯೨ರಲ್ಲಿ ನಾನು ಸಿಂದಗಿ ತಾಲೂಕಿನ ಒಂದು ಹಳ್ಳಿಯಲ್ಲಿ ಮಾಸ್ತರನಾಗಿದ್ದೆನು. ನನ್ನ ವರ್ಗದಲ್ಲಿ ಒಬ್ಬ ಹುಡುಗನಿದ್ದನು. ಅವನ ಕೈಯನ್ನು ಅತ್ತ ಒಯ್ಯಬೇಕೆಂದರೆ ಅದು ಇತ್ತ ಹಾರುತ್ತಿದ್ದಿತು, ಮಾತೂ ತೊದಲು. ಬುದ್ಧಿಯು ಮಾತ್ರ ಬಲು ಚುರುಕು. ಅಮರಕೋಶದ ಮೊದಲನೆಯ ಕಾಂಡದ ಬಹುಭಾಗವನ್ನು ಅವನು ಕಿವಿಯಿಂದ ಕೇಳಿಯೇ ಕಂಠಸ್ಥ ಮಾಡಿದ್ದನು. ಲೇಖಣಿಯು ಅವನ ಕೈಯಲ್ಲಿ ನಿಲ್ಲದ್ದರಿಂದ ಪರೀಕ್ಷೆಯ ಉತ್ತರಪತ್ರಿಕೆಯು ಬರೀ ಗೀಚುಗಳಿಂದ ತುಂಬುತ್ತಿದ್ದಿತು. ನಾನು ಅವನ ತಂದೆಯನ್ನು ಕರೆಯಿಸಿ, “ಹುಡುಗಗ ಯಾಕ ತ್ರಾಸ ಕೊಡ್ತೀರಿ, ಮನ್ಯಾಗ ಇರಲಿ ಬಿಡ್ರಿ” ಎಂದೆನು. ದಯೆಯಿಂದಲೇ ಹೇಳಿದೆನೆಂದು ಆಗ ತಿಳಿದಿದ್ದೆನು. ಅವನ ವಿದ್ಯಾಭ್ಯಾಸವು ಏಳನೆಯ ಇಯತ್ತೆಗೆ ನಿಂತಿತು.

೧

ಸಾಂಖ್ಯರು ಕೈಯನ್ನು ಕರ್ಮೇಂದ್ರಿಯಗಳಲ್ಲಿಯೂ ಚರ್ಮವನ್ನು ಜ್ಞಾನೇಂದ್ರಿಯಗಳಲ್ಲಿಯೂ ಎಣಿಸಿದರು. ಪಾಣಿಯು ಮಾಡುವದು, ತ್ವಕ್ಕು ಅರಿಯುವದು. ಆದರೆ ಬರೆಯುವ ಕೈಯಲ್ಲಿ ಇವೆರಡೂ ಒಂದೇ ಕಾಲಕ್ಕೆ ಕೆಲಸ ಮಾಡುತ್ತವೆ. ಲೇಖಣಿಯು ಕಾಗದಕ್ಕೆ ಎಷ್ಟು ಒತ್ತಿತೆಂಬದನ್ನು ತ್ವಕ್ಕು ಕ್ಷಣಕ್ಷಣಕ್ಕೂ ತಿಳಿಸುತ್ತಿರುವದರಿಂದಲೇ ಪಾಣಿಯು ತನ್ನ ವೇಗವನ್ನು ತಿದ್ದಿಕೊಳ್ಳುವದು. ನಮ್ಮ ಪಾಠಶಾಲೆಗಳಲ್ಲಿ ಎಲ್ಲರೂ ಮೊದಲು ಓದುವ ಅನ್ನಂಭಟ್ಟನ ತರ್ಕಸಂಗ್ರಹವು ಸ್ಪರ್ಶವನ್ನು ಶೀತ, ಉಷ್ಣ, ಅನುಷ್ಣಾಶೀತವೆಂದು ಮೂರು ಬಗೆಯಾಗಿ ವಿಂಗಡಿಸಿದೆ. ಮೆತ್ತಗಿರುವದು, ಗಟ್ಟಿಯಾಗಿರುವದು ಇವು ಪ್ರತ್ಯೇಕ ಗುಣಗಳಲ್ಲ, ಅವಯವಗಳ ಸಂಯೋಗದ ವಿಶೇಷಗಳೆಂದು ಅದರ ದೀಪಿಕೆಯು ಸಮಾಧಾನ ಹೇಳಿದೆ. ಬಾಲ್ಯದಲ್ಲಿ ಈ ಮಾತನ್ನು ಗಿಳಿಪಾಠದಂತೆ ಒಪ್ಪಿಸಿದ್ದೆನು. ಯಂತ್ರದ ಸ್ಪರ್ಶಸಹಾಯದ ವಿಷಯವನ್ನು ತಿಳಿದ ಮೇಲೆ ಅದರ ಸ್ವಾರಸ್ಯವು ಹೊಳೆಯಿತು. ಯಂತ್ರವು ಕೈಗೆ ಕೊಡುವದು ಶೀತವಲ್ಲ, ಉಷ್ಣವಲ್ಲ. ಇಲ್ಲದ ಗೋಡೆಯನ್ನು ಇರುವಂತೆಯೂ, ಇಲ್ಲದ ತಗ್ಗನ್ನು ಇರುವಂತೆಯೂ ತೋರಿಸುವ ಪ್ರತಿರೋಧವನ್ನು. ಅಂದರೆ ಸಂಯೋಗದ ವಿಶೇಷವನ್ನೇ ಅದು ಕೃತಕವಾಗಿ ಉಂಟುಮಾಡುವದು.

೨

ಅಂಗವಿಕಲರಿಗೆ ಸಮಾಜವು ಏನನ್ನು ಕೊಡುತ್ತ ಬಂದಿತೆಂಬದನ್ನು ಮೊದಲು ನೋಡೋಣ. ನಮ್ಮ ಇಂಡಿ ತಾಲೂಕಿನ ಸಾಲೋಟಗಿಯ ಶಾಸನವು ಇತಿಹಾಸಾಸಕ್ತರಿಗೆಲ್ಲ ಗೊತ್ತಿರುವದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ಕ್ರಿ. ಶ. ೯೪೫ರಲ್ಲಿ, ಅವನ ಮಂತ್ರಿ ನಾರಾಯಣನು ಅಲ್ಲಿ ಕಟ್ಟಿಸಿದ ಶಾಲೆಗೆ ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ವಸತಿಗಾಗಿ ೨೭ ಮನೆಗಳನ್ನೂ, ಖರ್ಚಿಗಾಗಿ ಭೂಮಿಯನ್ನೂ ಬಿಟ್ಟುದಲ್ಲದೆ, ದೀಪದ ಎಣ್ಣೆಗಾಗಿಯೇ ಬೇರೆ ಹೊಲವನ್ನು ಬಿಟ್ಟಿದ್ದರು. ಓದುವವನಿಗೆ ಕಣ್ಣಿದ್ದರಷ್ಟೇ ಸಾಲದು, ರಾತ್ರಿಯಲ್ಲಿ ದೀಪವೂ ಬೇಕೆಂಬದನ್ನು ಸಾವಿರ ವರ್ಷಗಳ ಹಿಂದೆಯೇ ನಮ್ಮವರು ಬಲ್ಲರು. ವಿದ್ಯೆಗೆ ಸಾಧನವನ್ನು ಒದಗಿಸುವದು ದಾನಿಯ ಕರ್ತವ್ಯವೆಂದಾಯಿತು.

ಬಳ್ಳಿಗಾವಿಯ ಕೋಡಿಮಠದ ಕ್ರಿ. ಶ. ೧೧೬೨ರ ಶಾಸನವು ಬಿಜ್ಜಳನ ಕಾಲದ್ದು. ಆ ಮಠದಲ್ಲಿ ವೇದಶಾಸ್ತ್ರಗಳ ಅಧ್ಯಯನವು ನಡೆಯುತ್ತಿದ್ದಿತೆಂದೂ, ರೋಗಿಗಳಿಗೆ ಔಷಧೋಪಚಾರವು ದೊರೆಯುತ್ತಿದ್ದಿತೆಂದೂ, ದೀನರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನವು ಸಿಕ್ಕುತ್ತಿದ್ದಿತೆಂದೂ ಅದರಿಂದ ತಿಳಿಯುವದು. ಹೆಮ್ಮೆಪಡತಕ್ಕ ಮಾತಿದು. ಆದರೂ ಸೂಕ್ಷ್ಮವಾಗಿ ನೋಡಿರಿ: ಒಂದೇ ಮಠದಲ್ಲಿ ಪಾಠವೂ ಇದ್ದಿತು, ಅನ್ನವೂ ಇದ್ದಿತು. ಶಾಸನವು ಕುಂಟನನ್ನು ಹೆಸರಿಸುವದು ಅನ್ನದ ಪಂಕ್ತಿಯಲ್ಲಿ.

ಅದೇ ಕಾಲದಲ್ಲಿ ನಮ್ಮ ಬಾಗೇವಾಡಿಯ ಬಸವಣ್ಣನವರೂ ಅವರ ಸಂಗಡಿಗರೂ ಕಲ್ಯಾಣದಲ್ಲಿ ಕಾಯಕದ ತತ್ತ್ವವನ್ನು ಸಾರಿದರು. ದುಡಿದು ಬದುಕುವದು ಎಲ್ಲರಿಗೂ ಧರ್ಮವೆಂದ ಮೇಲೆ, ದುಡಿಯಲು ಕೈ ಬಾರದವನ ಗತಿಯೇನೆಂಬ ಪ್ರಶ್ನೆಯು ತಾನಾಗಿಯೇ ಹುಟ್ಟುವದು. ಅವನಿಗೆ ಕಾಯಕವಿಲ್ಲ, ದಾಸೋಹದ ಅನ್ನವುಂಟೆಂದರೆ ಅವನನ್ನು ಧರ್ಮದ ಅರ್ಧಭಾಗದಿಂದ ಹೊರಗಿಟ್ಟಂತಾಯಿತು. ಅವನ ಕೈಗೆ ಸಾಧನವನ್ನು ಕೊಟ್ಟು ಕಾಯಕವನ್ನೇ ಕೊಡಬೇಕೆಂದರೆ ಅದಕ್ಕೆ ವಿದ್ಯೆ ಬೇಕು. ಆ ವಿದ್ಯೆಯು ಹುಟ್ಟಲು ಎಂಟು ಶತಮಾನಗಳು ಬೇಕಾದವು. ಹುಟ್ಟಿದುದೂ ಪರದೇಶದಲ್ಲಿ, ಬೇರೊಂದು ಉದ್ದೇಶಕ್ಕಾಗಿ.

೩

ಎರಡನೆಯ ಮಹಾಯುದ್ಧದ ತರುವಾಯ ಅಮೇರಿಕೆಯಲ್ಲಿ ಅಣುಶಕ್ತಿಯ ಸಂಶೋಧನೆಯು ಭರದಿಂದ ನಡೆದಿದ್ದಿತು. ವಿಕಿರಣವನ್ನು ಸೂಸುವ ವಸ್ತುಗಳನ್ನು ಕೈಯಿಂದ ಮುಟ್ಟುವಂತಿರಲಿಲ್ಲ. ಶಿಕಾಗೋ ನಗರದ ಬಳಿಯ ಆರ್ಗಾನ್ ಪ್ರಯೋಗಾಲಯದಲ್ಲಿ ರೇಮಂಡ್ ಗೊರ್ಟ್ಸ್ ಎಂಬ ಶಿಲ್ಪಜ್ಞನು ೧೯೪೦ರ ದಶಕದ ಕೊನೆಗೆ ಒಂದು ಯುಕ್ತಿಯನ್ನು ಮಾಡಿದನು. ದಪ್ಪ ಗೋಡೆಯ ಈಚೆಗೆ ಮನುಷ್ಯನು ಹಿಡಿಯುವ ಹಿಡಿಕೆ, ಆಚೆಗೆ ಯಂತ್ರದ ಕೈ. ಇವನು ಕೈಯಾಡಿಸಿದಂತೆ ಅದು ಆಡುವದು. ಅದಕ್ಕೆ ಏನಾದರೂ ತಡೆಯಾದರೆ ಆ ತಡೆಯು ಇವನ ಕೈಗೂ ತಗಲುವದು. ೧೯೫೪ರ ಹೊತ್ತಿಗೆ ಇದೇ ಕೆಲಸವನ್ನು ವಿದ್ಯುತ್ ಮೋಟಾರುಗಳಿಂದ ಮಾಡಿಸುವದೂ ಸಾಧ್ಯವಾಯಿತು. ದೂರದ ವಸ್ತುವಿನ ಸ್ಪರ್ಶವನ್ನು ಯಂತ್ರವು ಹೊತ್ತು ತರುವ ವಿದ್ಯೆಗೆ ಇದೇ ಮೂಲವು.

ಅದೇ ೧೯೫೪ರಲ್ಲಿ ಪಾಲ್ ಫಿಟ್ಸ್ ಎಂಬ ಮನಶ್ಶಾಸ್ತ್ರಜ್ಞನು ಕೈಯ ಚಲನೆಯ ಒಂದು ನಿಯಮವನ್ನು ಕಂಡುಹಿಡಿದನು. ಗುರಿಯು ದೂರವಾದಷ್ಟೂ, ಚಿಕ್ಕದಾದಷ್ಟೂ ಕೈ ಅದನ್ನು ಮುಟ್ಟಲು ಹೆಚ್ಚು ಕಾಲ ಬೇಕೆಂಬದು ಅದರ ಸಾರವು. ಹತ್ತು ವರ್ಷಗಳ ಮೇಲೆ, ೧೯೬೪ರಲ್ಲಿ, ಡಗ್ಲಸ್ ಎಂಗಲ್‌ಬರ್ಟ್ ಮತ್ತು ಬಿಲ್ ಇಂಗ್ಲಿಷ್ ಎಂಬವರು ಕಟ್ಟಿಗೆಯ ಪೆಟ್ಟಿಗೆಯಲ್ಲಿ ಗಾಲಿಗಳನ್ನು ಕೂಡಿಸಿ ಮೊದಲನೆಯ ಮೌಸನ್ನು ಮಾಡಿದರು. ೧೯೬೮ರ ಡಿಸೆಂಬರ ೯ರಂದು ಅದನ್ನು ಸಭೆಯೊಂದರಲ್ಲಿ ತೋರಿಸಿದರು. ಗಣಕಯಂತ್ರದ ಮುಂದೆ ಕುಳಿತ ಮನುಷ್ಯನು ಅಂದಿನಿಂದ ಫಿಟ್ಸನ ನಿಯಮಕ್ಕೆ ಅಧೀನನಾದನು. ಗಟ್ಟಿ ಕೈಯವನಿಗೆ ಆ ಸುಂಕವು ಹಗುರ. ನಡುಗುವ ಕೈಯವನಿಗೆ ಬಲು ಭಾರ.

ಆರ್ಗಾನ್‌ನ ಯಂತ್ರದ ಕೈಯು ಮುಂದೆ ಗಣಕಯಂತ್ರಕ್ಕೆ ಜೋಡಿಸಲ್ಪಟ್ಟಿತು. ಉತ್ತರ ಕೆರೊಲೈನಾ ವಿಶ್ವವಿದ್ಯಾಲಯದ ಫ್ರೆಡರಿಕ್ ಬ್ರೂಕ್ಸರು ೧೯೬೭ರಲ್ಲಿ ಆರಂಭಿಸಿದ ಕಾರ್ಯದ ಫಲವಾಗಿ, ಔಷಧದ ಅಣುವು ಇನ್ನೊಂದು ಅಣುವಿನ ಸಂದಿನಲ್ಲಿ ಸರಿಯಾಗಿ ಕೂಡುವದೋ ಇಲ್ಲವೋ ಎಂಬದನ್ನು ರಸಾಯನಜ್ಞನು ಕೈಯಿಂದಲೇ ತಡವಿ ನೋಡುವಂತಾಯಿತು. ಇಲ್ಲಿ ದೂರದ ವಸ್ತುವೂ ಇಲ್ಲ. ಕೇವಲ ಗಣಿತದಲ್ಲಿರುವ ವಸ್ತುವಿಗೆ ಸ್ಪರ್ಶವು ಬಂದಿತು.

ಮೂರನೆಯ ಹೆಜ್ಜೆಯು ನಮ್ಮ ವಿಷಯಕ್ಕೆ ಅತಿ ಮಹತ್ತ್ವದ್ದು. ೧೯೯೨ರಲ್ಲಿ ಲೂಯಿ ರೋಸೆನ್‌ಬರ್ಗ್ ಎಂಬ ತರುಣನು ಅಮೇರಿಕೆಯ ವಾಯುದಳದ ಪ್ರಯೋಗಾಲಯದಲ್ಲಿ ಯಂತ್ರದ ಕೈಯನ್ನು ನಡೆಸುವವನಿಗೆ ಇಲ್ಲದ ಗೋಡೆಗಳ ಆಸರೆಯನ್ನು ಕೊಟ್ಟನು. ಅವನು ಕೊಟ್ಟ ಉಪಮೆಯು ಶಾಲೆಯದೇ. ಬರೀ ಕೈಯಿಂದ ನೆಟ್ಟನೆಯ ಗೆರೆಯನ್ನು ಎಳೆಯಲಾರದವನು ರೂಳುಪಟ್ಟಿಯನ್ನು ಇಟ್ಟುಕೊಂಡರೆ ಎಳೆಯಬಲ್ಲನು. ಪಟ್ಟಿಯು ಗೆರೆಯನ್ನು ಎಳೆಯುವದಿಲ್ಲ; ಎಳೆಯುವವನ ಕೈಯು ಹಾದಿ ತಪ್ಪದಂತೆ ಕಾಯುವದು ಮಾತ್ರ. ೧೯೯೪ರ ಸುಮಾರಿಗೆ ಮೆಸಾಚುಸೆಟ್ಸ್ ತಂತ್ರವಿದ್ಯಾಲಯದ ಥಾಮಸ್ ಮ್ಯಾಸಿ, ಕೆನೆತ್ ಸ್ಯಾಲಿಸ್‌ಬರಿ ಇವರು ಬೆರಳಿಗೆ ಅಂಗುಷ್ಠಾನದಂತೆ ಹಾಕಿಕೊಳ್ಳುವ ‘ಫ್ಯಾಂಟಮ್’ ಎಂಬ ಸ್ಪರ್ಶಯಂತ್ರವನ್ನು ರಚಿಸಿದರು. ೧೯೯೯ರಲ್ಲಿ ಲಾಜಿಟೆಕ್ ಕಂಪನಿಯು ಒಳಗೆ ಮೋಟಾರುಗಳುಳ್ಳ ಮೌಸನ್ನು ಆಟಗಾರರಿಗಾಗಿ ಪೇಟೆಗೆ ತಂದಿತು. ಕೈಯನ್ನು ಎಳೆಯಬಲ್ಲ, ತಡೆಯಬಲ್ಲ ಮೌಸ್ ಅದು.

೪

ಆಟಕ್ಕಾಗಿ ಹುಟ್ಟಿದ ಈ ವಸ್ತುವನ್ನು ಇಂಗ್ಲಂಡದ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಅಂಗವಿಕಲರ ಉಪಯೋಗಕ್ಕೆ ತಿರುಗಿಸಿದರು. ಫಾಸ್ಟಿನಾ ಹ್ವಾಂಗ್, ಸಿಮಿಯನ್ ಕೀಟ್ಸ್, ಪ್ಯಾಟ್ರಿಕ್ ಲ್ಯಾಂಗ್ಡನ್, ಜಾನ್ ಕ್ಲಾರ್ಕ್‌ಸನ್, ಪೀಟರ್ ರಾಬಿನ್‌ಸನ್ ಮೊದಲಾದವರ ಈ ಕಾರ್ಯವು ೨೦೦೨-೦೩ರ ಸುಮಾರಿನದು. ಅವರ ಉಪಾಯಕ್ಕೆ ‘ಗುರುತ್ವಕೂಪ’ವೆಂದು ಹೆಸರಿಡಬಹುದು. ಹುಡುಗರು ಗೋಲಿಯಾಡುವದನ್ನು ನೋಡಿರಿ. ಕುಣಿಯ ಅಂಚಿಗೆ ಬಂದ ಗೋಲಿಯು ತಾನಾಗಿಯೇ ಒಳಗೆ ಉರುಳುವದು. ಅದರಂತೆಯೇ ಪರದೆಯ ಮೇಲಿನ ಗುರುತಿನ ಸುತ್ತ ಒಂದು ಅದೃಶ್ಯವಾದ ತಗ್ಗನ್ನು ಕಲ್ಪಿಸಿದರು. ಬಾಣವು ಅದರ ಅಂಚಿಗೆ ಬಂದೊಡನೆ ಮೌಸಿನ ಮೋಟಾರುಗಳು ಕೈಯನ್ನು ಮೆಲ್ಲನೆ ನಡುವಿಗೆ ಎಳೆಯುವವು. ಕೈ ನಡುಗಿದರೂ ಬಾಣವು ಜಾರಿ ಹೊರಬೀಳದಂತೆ ಹಿಡಿಯುವವು. ಅಂಚಿನವರೆಗೆ ಬರುವದು ಮನುಷ್ಯನ ಕೆಲಸ. ಕೊನೆಯ ಗೇಣಿನ ಕಷ್ಟವು ಯಂತ್ರದ್ದು. ನಡುಗುವ ಕೈಯವನಿಗೆ ಹೆಚ್ಚು ಕಾಲವು ಹೋಗುವದೂ ಆ ಕೊನೆಯ ಗೇಣಿನಲ್ಲಿಯೇ.

ಇಲ್ಲಿ ಒಂದು ಶಂಕೆಯು ಬರುವದು. ಪರದೆಯ ಮೇಲೆ ಗುರುತು ಒಂದೇ ಇರುವದಿಲ್ಲ. ಹಾದಿಯಲ್ಲಿ ಬೇಡದ ಗುರುತಿನ ತಗ್ಗಿನಲ್ಲಿ ಬಾಣವು ಬಿದ್ದರೆ ಸಹಾಯವೇ ಉಪದ್ರವವಾಗಲಾರದೇ? ೨೦೦೩ರಲ್ಲಿ ಅವರು ಪರೀಕ್ಷಿಸಿದುದು ಇದನ್ನೇ. ಬೇಡದ ತಗ್ಗನ್ನು ಬೇಕೆಂದೇ ಹಾದಿಯ ಬೇರೆ ಬೇರೆ ಕಡೆಗಳಲ್ಲಿಟ್ಟು ನೋಡಿದರು. ಬಾಣವು ಒಮ್ಮೊಮ್ಮೆ ತಪ್ಪು ತಗ್ಗಿನಲ್ಲಿ ಬಿದ್ದರೂ ಒಟ್ಟಿನಲ್ಲಿ ಕಾಲವೂ ತಪ್ಪುಗಳೂ ಕಡಿಮೆಯಾಗಬಲ್ಲವೆಂದು ಕಂಡುಬಂದಿತು. ಎಲ್ಲಕ್ಕೂ ಹೆಚ್ಚಾಗಿ, ಯಾರ ಕೈ ಅತಿ ದುರ್ಬಲವೋ ಅವರಿಗೇ ಅತಿ ಹೆಚ್ಚಿನ ಪ್ರಯೋಜನವಾಯಿತು. ತೀರ ಕೈಲಾಗದವನಿಗೆ ಸಹಾಯ ಮಾಡಿ ಫಲವೇನೆಂದು ಕೇಳುವವರಿಗೆ, ಅಂದರೆ ೧೯೯೨ರ ನನ್ನಂಥವರಿಗೆ, ಇದಕ್ಕಿಂತ ಸ್ಪಷ್ಟವಾದ ಉತ್ತರವು ಬೇಡ.

ಇಷ್ಟು ಹಿತವಾದ ಉಪಕರಣವು ಮನೆಮನೆಗೆ ಏಕೆ ಬರಲಿಲ್ಲ? ಆ ಮೌಸ್ ತನ್ನ ಪೀಠಕ್ಕೆ ಕಟ್ಟಿಹಾಕಲ್ಪಟ್ಟುದಾಗಿದ್ದು ಅಲ್ಪ ಜಾಗದಲ್ಲಿ ಮಾತ್ರ ಆಡುತ್ತಿದ್ದಿತು. ಆಟಗಾರರು ಅದನ್ನು ಮೆಚ್ಚಲಿಲ್ಲವಾಗಿ ಕೆಲವೇ ವರ್ಷಗಳಲ್ಲಿ ಪೇಟೆಯಿಂದ ಮಾಯವಾಯಿತು. ಇನ್ನೊಂದು ಕಾರಣವು ಶಾಸ್ತ್ರೀಯವಾದುದು. ತಗ್ಗನ್ನು ಎಲ್ಲಿ ತೋಡಬೇಕೆಂದು ತಿಳಿಯಲು ಯಂತ್ರಕ್ಕೆ ಪ್ರತಿಯೊಂದು ಗುರುತಿನ ಸ್ಥಳವೂ ಮೊದಲೇ ಗೊತ್ತಿರಬೇಕು. ಗುರುತುಗಳು ಒತ್ತೊತ್ತಾಗಿ ಇದ್ದರೆ ತಗ್ಗಿನೊಳಗೆ ತಗ್ಗು ಬೀಳುವವು. ೨೦೦೭ರ ತರುವಾಯ ನುಣುಪಾದ ಗಾಜಿನ ಫೋನುಗಳು ಬಂದವು. ಅವು ಬೆರಳಿಗೆ ಝುಮ್ಮೆಂದು ಸೂಚನೆಯನ್ನು ಕೊಡುವವೇ ಹೊರತು ಬೆರಳನ್ನು ಹಿಡಿದು ನಡೆಸುವದಿಲ್ಲ.

ಆದರೆ ಸ್ಪರ್ಶಸಹಾಯದ ಒಡಹುಟ್ಟಿದ ಇನ್ನೊಂದು ವಿದ್ಯೆಯು ಸದ್ದಿಲ್ಲದೆ ಎಲ್ಲೆಡೆಗೂ ಹರಡಿದೆ. ಅಮೇರಿಕೆಯ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ೧೯೭೧ರಲ್ಲಿ ಗ್ರೆಗ್ ವ್ಯಾಂಡರ್‌ಹೈಡನ್ನರು ಸ್ಥಾಪಿಸಿದ ಟ್ರೇಸ್ ಕೇಂದ್ರವು ಇದರ ತವರುಮನೆ. ಎರಡು ಕೀಲಿಗಳನ್ನು ಒಮ್ಮೆಲೇ ಒತ್ತಲಾರದವನು ಒಂದಾದ ಮೇಲೊಂದನ್ನು ಒತ್ತಿದರೂ ಸಾಕೆನ್ನುವ ‘ಸ್ಟಿಕಿ ಕೀಸ್’, ನಡುಗಿ ಬಿದ್ದ ಏಟುಗಳನ್ನು ಲೆಕ್ಕಕ್ಕೆ ಹಿಡಿಯದ ‘ಫಿಲ್ಟರ್ ಕೀಸ್’, ಮೌಸಿನ ಬದಲು ಅಂಕಿಗಳ ಕೀಲಿಗಳಿಂದಲೇ ಬಾಣವನ್ನು ಸರಿಸಲು ಬರುವ ‘ಮೌಸ್ ಕೀಸ್’, ಈ ಮೂರೂ ೧೯೯೫ರ ವಿಂಡೋಸ್‌ನಲ್ಲಿಯೇ ಸೇರಿದವು. ಇಂದಿಗೂ ವಿಂಡೋಸ್ ಇರುವ ಪ್ರತಿಯೊಂದು ಗಣಕಯಂತ್ರದಲ್ಲಿ ಇವೆ, ಬೇರೆ ಬೆಲೆಯಿಲ್ಲ.

೫

ನಮ್ಮ ನಾಡಿನ ಕಡೆಗೆ ಬರೋಣ. ೧೯೫೯ರಲ್ಲಿ ಬೆಂಗಳೂರಿನಲ್ಲಿ, ಸ್ವತಃ ಅಂಗವಿಕಲರಾದ ಎನ್. ಎಸ್. ಹೇಮಾ ಅವರು ಅಂಗವಿಕಲರ ಸಂಸ್ಥೆಯೊಂದನ್ನು ಕಟ್ಟಿ ಅವರಿಗೆ ಕಸಬುಗಳನ್ನು ಕಲಿಸುವ ಕಾರ್ಯಕ್ಕೆ ಕೈಯಿಟ್ಟರು. ಕೇಂಬ್ರಿಜ್‌ನಲ್ಲಿ ಇದೇ ಪರಂಪರೆಯಲ್ಲಿ ಅಭ್ಯಾಸ ಮಾಡಿದ ಪ್ರದೀಪ್ತ ಬಿಸ್ವಾಸರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿ, ಕೈಯೂ ಮಾತೂ ಸ್ವಾಧೀನವಿಲ್ಲದವರು ಕಣ್ಣಿನ ನೋಟದಿಂದಲೇ ಗಣಕಯಂತ್ರವನ್ನು ನಡೆಸುವ ಬಗೆಯನ್ನು ಸಿದ್ಧಪಡಿಸಿದರು. ೨೦೨೦-೨೧ರ ಸುಮಾರಿಗೆ, ಚೆನ್ನೈಯ ವಿದ್ಯಾಸಾಗರ ಸಂಸ್ಥೆಯ ವಿದ್ಯಾರ್ಥಿಗಳು ಅದರ ಸಹಾಯದಿಂದ ಯಂತ್ರದ ಕೈಯನ್ನು ನಡೆಸಿ ವಸ್ತುಗಳನ್ನು ಎತ್ತಿಡುವಂತಾಯಿತು.

ಕಾಯಿದೆಯೂ ಬೆಳೆದಿದೆ. ೧೯೯೫ರ ಕಾಯಿದೆಯು ಏಳು ಬಗೆಯ ಅಂಗವೈಕಲ್ಯವನ್ನು ಹೆಸರಿಸಿದ್ದರೆ, ೨೦೧೬ರ ಕಾಯಿದೆಯು ೨೧ನ್ನು ಹೆಸರಿಸಿದೆ. ಕಂಪವಾತವೂ ಅದರಲ್ಲಿ ಸೇರಿದೆ. ಪರೀಕ್ಷೆಯಲ್ಲಿ ಹೆಚ್ಚಿನ ಕಾಲವನ್ನೂ ಲಿಪಿಕಾರನನ್ನೂ ಕೊಡಬೇಕೆಂದು ಅದು ಹೇಳುವದು. ಸರಕಾರಿ ನೌಕರಿಗಳಲ್ಲಿ ನೂರಕ್ಕೆ ನಾಲ್ಕನ್ನು ಕಾಯ್ದಿರಿಸಿದೆ. ೨೦೧೧ರ ಜನಗಣತಿಯಂತೆ ಭಾರತದಲ್ಲಿ ಅಂಗವಿಕಲರು ೨.೬೮ ಕೋಟಿ, ಅವರಲ್ಲಿ ಚಲನೆಯ ತೊಂದರೆಯುಳ್ಳವರೇ ಸುಮಾರು ೫೪ ಲಕ್ಷ. ಇವರೆಲ್ಲರಿಗೂ ಅನ್ನದ ಪಂಕ್ತಿಯೊಂದೇ ಗತಿಯೆನ್ನುವ ಕಾಲವು ಹೋಗಿದೆ. ಆದರೆ ಆ ಸುದ್ದಿಯು ನಮ್ಮ ಹಳ್ಳಿಗಳನ್ನು ಮುಟ್ಟಿದೆಯೇ?

ಕಳೆದ ವರ್ಷ ನಾನು ಆ ಹಳೆಯ ವಿದ್ಯಾರ್ಥಿಯ ಊರಿಗೆ ಹೋಗಿದ್ದೆನು. ಅವನಿಗೆ ಈಗ ನಲವತ್ತು ದಾಟಿದೆ. ಅಣ್ಣನ ಕಿರಾಣಿ ಅಂಗಡಿಯಲ್ಲಿ ಕೂಡುವನು. ಲೆಕ್ಕಕ್ಕೆಂದು ತಂದ ಗಣಕಯಂತ್ರವು ಅಲ್ಲಿದ್ದಿತು. ಅದನ್ನು ಇವನು ಮುಟ್ಟುತ್ತಿರಲಿಲ್ಲ. ಕನ್ನಡವನ್ನು ಟಂಕಿಸಲು ನಾವು ಬಳಸುವ, ಕೆ. ಪಿ. ರಾಯರ ಹೆಸರಿನ ಕೀಲಿಮಣೆಯಲ್ಲಿ ಮಹಾಪ್ರಾಣಕ್ಕೂ ದೀರ್ಘಕ್ಕೂ ‘ಶಿಫ್ಟ್’ ಕೀಲಿಯನ್ನು ಒತ್ತಿ ಹಿಡಿದೇ ಇನ್ನೊಂದು ಕೀಲಿಯನ್ನು ಒತ್ತಬೇಕು. ಎರಡು ಕೈಗಳ ಈ ಹೊಂದಾಣಿಕೆಯು ಅವನಿಂದಾಗದು. ನಾನು ಆಗಷ್ಟೇ ಓದಿ ತಿಳಿದಿದ್ದಂತೆ ಶಿಫ್ಟ್ ಕೀಲಿಯನ್ನು ಬಿಟ್ಟು ಬಿಟ್ಟು ಐದು ಸಲ ಒತ್ತಿದೆನು. ಅಷ್ಟರಿಂದಲೇ ಸ್ಟಿಕಿ ಕೀಸ್ ಜಾಗೃತವಾಗುವದು. ಅವನು ‘ಉದ್ರಿ ಖಾತೆ’ ಎಂದು ಬರೆಯತೊಡಗಿದನು. ಬೆರಳು ಅತ್ತಿತ್ತ ಹಾರುವದು, ಮತ್ತೆ ಬರುವದು. ‘ಖಾ’ ಎಂಬ ಒಂದಕ್ಷರಕ್ಕೆ ಶಿಫ್ಟ್ ಎರಡು ಸಲ ಬೇಕು. ನೋಡಲಾರದೆ ನಾನು ಅವನ ಮುಂಗೈಯನ್ನು ಹಿಡಿದೆನು. ಅವನು, “ಕೈ ಬಿಡ್ರಿ ಗುರುಗಳ, ನಾನ ಬರೀತೀನಿ” ಎಂದನು.

ಮೂವತ್ತು ವರ್ಷಗಳ ಹಿಂದೆ ಹಿಡಿಯಬೇಕಾದಾಗ ನಾನು ಕೈಬಿಟ್ಟಿದ್ದೆನು. ಈಗ ಬಿಡಬೇಕಾದಾಗ ಹಿಡಿದೆನು. ಸಹಾಯವೆಂಬದು ಎಲ್ಲಿ ಆರಂಭವಾಗಬೇಕು, ಎಲ್ಲಿ ನಿಲ್ಲಬೇಕೆಂಬದನ್ನು ಮೇಲೆ ಹೇಳಿದ ಯಂತ್ರಜ್ಞರು ಅಳೆದು ತೂಗಿ ಕಂಡುಕೊಂಡರು. ಓನಾಮ ತಿದ್ದಿಸಿದ ಹಳೆಯ ಪಂತರು ಅಳೆಯದೆಯೇ ಬಲ್ಲವರಾಗಿದ್ದರು. ನಾನು ಮಾತ್ರ ಎರಡನ್ನೂ ತಡವಾಗಿ ಕಲಿತೆನು.

ಕೊನೆಗೆ ವಾಚಕರಲ್ಲಿ ಒಂದು ವಿನಂತಿಯು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಗಣಕಯಂತ್ರವಿಲ್ಲದ ದೊಡ್ಡ ಊರು ಈಗ ವಿರಳವು. ತಮ್ಮ ಊರಿನ ಶಾಲೆಯಲ್ಲಿ, ವಾಚನಾಲಯದಲ್ಲಿ, ಅಂಗಡಿಯಲ್ಲಿ ಇರುವ ಯಂತ್ರದ ಮುಂದೆ, ಮನೆಯ ಮೂಲೆಯಲ್ಲಿ ಕುಳಿತಿರುವ ಅಂಥ ಒಬ್ಬನನ್ನು ಕರೆತಂದು ಕೂಡಿಸಿರಿ; ಶಿಫ್ಟ್ ಕೀಲಿಯನ್ನು ಐದು ಸಲ ಒತ್ತಿ ತೋರಿಸಿರಿ. ಪರೀಕ್ಷೆಗೆ ಕೂಡುವ ವಯಸ್ಸಿನವನಾದರೆ ೨೦೧೬ರ ಕಾಯಿದೆಯಂತೆ ಅವನಿಗೆ ಸಲ್ಲತಕ್ಕ ಕಾಲವನ್ನೂ ಲಿಪಿಕಾರನನ್ನೂ ಅರ್ಜಿ ಬರೆದು ಕೇಳಿರಿ. ಸಾಲೋಟಗಿಯ ದಾನಿಗಳು ದೀಪದ ಎಣ್ಣೆಗೆ ಹೊಲವನ್ನು ಬಿಟ್ಟರು. ನಮ್ಮಿಂದ ಅಷ್ಟು ಆಗದಿದ್ದರೂ ಆಗಲೇ ಹೊತ್ತಿರುವ ದೀಪವು ಎಲ್ಲಿದೆಯೆಂಬದನ್ನು ತೋರಿಸುವಷ್ಟಾದರೂ ಆಗಲಿ. ಇತ್ಯಲಂ.